ಚಿಕ್ಕ ಡಿಕ್ಕಿಯ ನಂತರ ಲಾರಿಯ ಸ್ಟೇರಿಂಗ್ ಓರೆಯಾದರೆ



ನರೇಗಲ್ ಸುತ್ತಿನ ಎರೆಹೊಲಗಳಲ್ಲಿ ಬೆಳೆದ ಹೆಸರು, ಕಡಲೆ, ಉಳ್ಳಾಗಡ್ಡಿ, ಮೆಣಸಿನಕಾಯಿಗಳನ್ನು ಪೇಟೆಗೆ ಮುಟ್ಟಿಸಲು ಲಾರಿ ಬೇಕೇ ಬೇಕು. ಎರೆನೆಲ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ರಸ್ತೆಯ ಅಂಚು ಅಲ್ಲಲ್ಲಿ ಕುಸಿದಿರುತ್ತದೆ. ಎದುರಿನ ವಾಹನಕ್ಕೆ ದಾರಿ ಬಿಡುವಾಗ ಮುಂಗಾಲಿ ಮೋರಿಯ ಕಟ್ಟೆಗೆ ತಾಕುವುದುಂಟು. ಬಂಪರ್ ಸ್ವಲ್ಪ ನೆಗ್ಗಿರುತ್ತದೆ, ಲಾರಿ ಓಡುತ್ತದೆ. ಆದರೆ ನೇರ ದಾರಿಯಲ್ಲಿಯೂ ಸ್ಟೇರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ.

ಆಗ ಕೆಲವರು ಚಕ್ರವನ್ನು ಬಿಚ್ಚಿ ನೇರಮಾಡಿ ಕೂಡಿಸುತ್ತಾರೆ. ಇದರಿಂದ ದೋಷದ ಗುರುತು ಅಳಿಯುತ್ತದೆಯೇ ಹೊರತು ದೋಷ ಉಳಿಯುತ್ತದೆ. ಬಾಗಿದ ರಾಡು ಹೇರಿನ ಲಾರಿಯಲ್ಲಿ ಮುರಿದರೆ ಗಾಲಿ ಚಾಲಕನ ಕೈಯಲ್ಲಿರುವುದಿಲ್ಲ. ಆದ್ದರಿಂದ ಮೊದಲು ಅಳತೆ, ಆಮೇಲೆ ಪಾನಾ ಎಂಬುದನ್ನು ನೆನಪಿಡಿರಿ.

ಪರೀಕ್ಷೆಗೆ ಮುನ್ನ

ಹೇರು ಇಳಿಸಿ, ಲಾರಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿರಿ. ಎರೆಮಣ್ಣಿನಲ್ಲಿ ಜಾಕು ಕುಸಿಯುತ್ತದೆ. ಹಿಂಗಾಲಿಗಳಿಗೆ ಅಡ್ಡಗಲ್ಲು ಇಡಿರಿ. ಎತ್ತಿದ ಎಕ್ಸೆಲಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡದೆ ಒಳಗೆ ಹೋಗಬೇಡಿರಿ.

ಎರಡೂ ಮುಂಗಾಲಿಗಳ ಗಾಳಿಯನ್ನು ಸಮಮಾಡಿರಿ. ಗಾಳಿ ಕಡಿಮೆಯಾದ ಕಡೆಗೆ ಲಾರಿ ಎಳೆಯುತ್ತದೆ. ಬ್ರೇಕ್ ಹಿಡಿದುಕೊಂಡ ಗಾಲಿಯೂ ಹಾಗೆಯೇ ಎಳೆಯುತ್ತದೆ. ಅದರ ಡ್ರಮ್ ಮಿಕ್ಕವುಗಳಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಟಾಯರಿನ ಪಕ್ಕೆಯಲ್ಲಿ ಗಂಟು ಎದ್ದಿದ್ದರೆ ಅದನ್ನು ಬದಲಿಸಿರಿ.

ಮೂರು ಪರೀಕ್ಷೆಗಳು

1. ಸಡಿಲು ನೋಡುವುದು: ಮುಂಗಾಲಿಯನ್ನು ಎತ್ತಿ, ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿರಿ. ಅಲುಗಿದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿರಿ. ಆಗ ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ನಿನದು. ಎಡ ಬಲ ಹಿಡಿದು ಅಲುಗಿಸಿದಾಗ ಮಾತ್ರ ಅಲುಗಿದರೆ ಟೈ ರಾಡಿನ ತುದಿಗಳನ್ನು ನೋಡಿರಿ.

2. ಎಕ್ಸೆಲ್ ಸರಿದಿದೆಯೇ: ಮುಂಗಾಲಿಗಳನ್ನು ನೇರ ನಿಲ್ಲಿಸಿ, ಪ್ರತಿ ಗಾಲಿಯ ನಡುವಿನಿಂದ ತೂಕದ ದಾರ ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿರಿ. ಮುಂದಿನ ಗುರುತಿನಿಂದ ಹಿಂದಿನ ಗುರುತಿಗೆ ಇರುವ ಅಂತರ ಎಡಕ್ಕೂ ಬಲಕ್ಕೂ ಒಂದೇ ಆಗಿರಬೇಕು. ವ್ಯತ್ಯಾಸವಿದ್ದರೆ ಯಾವುದೋ ಒಂದು ಎಕ್ಸೆಲ್ ಸರಿದಿದೆ. ಸ್ಪ್ರಿಂಗ್ ಪಾಟಾಗಳ ಸೆಂಟರ್ ಬೋಲ್ಟ್ ತುಂಡಾಗಿದೆಯೇ, ಯು ಬೋಲ್ಟಿನ ಬುಡದಲ್ಲಿ ಹೊಸದಾಗಿ ಉಜ್ಜಿದ ಹೊಳಪು ಇದೆಯೇ ನೋಡಿರಿ. ಕುಂಟೆಯ ಈಸು ಓರೆಯಾದರೆ ಎತ್ತು ನೇರ ನಡೆದರೂ ಕುಂಟೆ ಅಡ್ಡ ಹೋಗುವುದಿಲ್ಲವೇ? ಹಿಂದಿನ ಎಕ್ಸೆಲ್ ಓರೆಯಾದ ಲಾರಿಯೂ ಹಾಗೆಯೇ. ಚಾಲಕ ಸ್ಟೇರಿಂಗನ್ನು ಸದಾ ಒಂದು ಕಡೆಗೆ ಹಿಡಿದೇ ನಡೆಸಬೇಕಾಗುತ್ತದೆ.

3. ಮುಂಗಾಲಿಗಳ ಓರೆ: ಮುಂಗಾಲಿಗಳನ್ನು ಎತ್ತಿ, ಟಾಯರಿನ ನಡುವೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಗಾಲಿಯನ್ನು ತಿರುಗಿಸುತ್ತ, ಕದಲದಂತೆ ಊರಿ ಹಿಡಿದ ಮೊಳೆಯಿಂದ ತೆಳುವಾದ ಗೆರೆ ಕೊರೆಯಿರಿ. ಗಾಲಿಗಳನ್ನು ಇಳಿಸಿ, ಅಡ್ಡಗಲ್ಲು ತೆಗೆದು, ಲಾರಿಯನ್ನು ಕೆಲವು ಅಡಿ ಮುಂದಕ್ಕೆ ತಳ್ಳಿರಿ. ಎಕ್ಸೆಲಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ಟಾಯರುಗಳ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಮುಂದೆ 1,900 ಮಿ.ಮೀ., ಹಿಂದೆ 1,902 ಮಿ.ಮೀ. ಬಂದರೆ ಗಾಲಿಗಳು 2 ಮಿ.ಮೀ. ಒಳಮುಖವಾಗಿವೆ ಎಂದರ್ಥ. ಎಷ್ಟಿರಬೇಕೆಂಬುದು ವಾಹನದ ಕೈಪಿಡಿಯಲ್ಲಿರುತ್ತದೆ. ಅದು ಕೆಲವೇ ಮಿಲಿಮೀಟರುಗಳ ಮಾತು.

ಈ ಅಳತೆ ತಪ್ಪಿದ ಟಾಯರಿನ ಮೇಲೆ ಅಡ್ಡಲಾಗಿ ಕೈ ಸವರಿದರೆ ಒಂದು ದಿಕ್ಕಿಗೆ ನುಣುಪಾಗಿಯೂ ಇನ್ನೊಂದು ದಿಕ್ಕಿಗೆ ಗರಗಸದಂತೆಯೂ ಇರುತ್ತದೆ. ಡಿಕ್ಕಿಯಾದ ದಿನವೇ ಈ ಸವೆತ ಕಾಣದು, ಅದಕ್ಕೇ ಅಳೆಯಬೇಕು.

ದೋಷ ಎಲ್ಲಿದೆ?

ಎಡಬಲದ ಅಂತರ ಸಮನಾಗಿದ್ದು, ಮುಂಗಾಲಿಗಳ ಅಳತೆ ಕೆಟ್ಟಿದ್ದರೆ ಟೈ ರಾಡ್ ಅಥವಾ ಅದು ಕೂಡುವ ತೋಳು ಬಾಗಿರಬಹುದು. ಎಕ್ಸೆಲಿನ ಹಿಂದೆ ಇರುವ ಟೈ ರಾಡ್ ಬಾಗಿ ಗಿಡ್ಡಾದರೆ ಗಾಲಿಗಳು ಮುಂದೆ ಅಗಲುತ್ತವೆ. ಎರಡೂ ಅಳತೆ ಸರಿಯಿದ್ದು ಚಕ್ರ ಮಾತ್ರ ಓರೆಯಿದ್ದರೆ ಡ್ರ್ಯಾಗ್ ಲಿಂಕ್, ಅದರ ತೋಳು, ಸ್ಟೇರಿಂಗ್ ಪೆಟ್ಟಿಗೆಯನ್ನು ಚಾಸಿಗೆ ಬಿಗಿದ ಬೋಲ್ಟುಗಳು ಇವುಗಳನ್ನು ನೋಡಬೇಕು. ಕೆಲವು ರಾಡುಗಳು ತಯಾರಿಕೆಯಲ್ಲಿಯೇ ಬಾಗಿರುತ್ತವೆ. ಆದುದರಿಂದ ಅದೇ ಮಾದರಿಯ ಹೊಸ ರಾಡಿನ ಪಕ್ಕದಲ್ಲಿಟ್ಟು ಹೋಲಿಸಿರಿ.

ಬಾಗಿದ ರಾಡನ್ನು ಕುಲುಮೆಯಲ್ಲಿ ಕಾಯಿಸಿ ನೇರ ಮಾಡಿಸಬೇಡಿರಿ, ಬೆಸುಗೆ ಹಾಕಿಸಬೇಡಿರಿ. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಸೀಳು ಒಳಗೇ ಬೆಳೆಯುತ್ತದೆ. ಹೊಸ ರಾಡು, ಹೊಸ ಸ್ಪ್ಲಿಟ್ ಪಿನ್ ಹಾಕಿಸಿರಿ. ಆಮೇಲೆ ಮುಂಗಾಲಿಗಳ ಅಳತೆಯನ್ನು ಹೊಂದಿಸಿ, ಲಾರಿಯನ್ನು ಬರಿದಾಗಿ ನಿಧಾನವಾಗಿ ಓಡಿಸಿ ನೋಡಿ, ನಂತರವೇ ಹೇರು ಹಾಕಿರಿ.

ಅಳೆದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಮೆಕ್ಯಾನಿಕ್‌ಗೆ ಕೊಡಿರಿ. ಅಲೈನ್‌ಮೆಂಟ್ ಯಂತ್ರಕ್ಕೆ ಒಯ್ಯುವುದಾದರೂ ಡಿಕ್ಕಿಯಾದ ಸಂಗತಿಯನ್ನು ಮುಚ್ಚಿಡದೆ ಹೇಳಿರಿ. ಸುಗ್ಗಿಯ ಅವಸರದಲ್ಲಿ ಒಂದು ಖೇಪು ತಪ್ಪಿದರೆ ನಾಳೆ ತುಂಬಿಕೊಳ್ಳಬಹುದು. ಹೇರಿನ ಮೇಲೆ ಕುಳಿತು ಬರುವ ಮನೆಯವರ ಜೀವಕ್ಕೆ ಬದಲಿಯಿಲ್ಲ.