ತೊಗರಿ ರಾಶಿಗೆ ಮುನ್ನ ಇಲಿಯ ದಾರಿ ಮುಚ್ಚಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಡಿಸೆಂಬರ್ ಬಂತೆಂದರೆ ಹೊಲ ಬರಿದಾಗುತ್ತಾ ಹೋಗುತ್ತದೆ, ಮನೆ ತುಂಬುತ್ತಾ ಹೋಗುತ್ತದೆ. ಹಿಂಗಾರಿ ಬಿಳಿಜೋಳ ಇನ್ನೂ ನಿಂತಿರುತ್ತದೆ, ನಿಜ. ಆದರೆ ತೊಗರಿ ಕೊಯ್ದ ಹೊಲದಲ್ಲಿ ಇಲಿಗೆ ಮರೆಯೂ ಇಲ್ಲ, ಕಾಳೂ ಇಲ್ಲ. ಕಾಳು ಈಗ ನಮ್ಮ ಪಡಸಾಲೆಯಲ್ಲಿ ಚೀಲದೊಳಗಿದೆ. ಜೊತೆಗೆ ಥಂಡಿ. ಇಲಿ ಊರ ಕಡೆ ಬರದೆ ಇನ್ನೆಲ್ಲಿಗೆ ಹೋದೀತು?

ಇಲಿ ಕಂಡ ಮೇಲೆ ಪೇಟೆಗೆ ಓಡಿ ಪಾಷಾಣ ತರುವವರೇ ಹೆಚ್ಚು. ನನ್ನ ಮಾತು ಬೇರೆ: ಮೊದಲು ದಾರಿ ಮುಚ್ಚಿ, ಆಮೇಲೆ ಕೂಳು ತಪ್ಪಿಸಿ, ಕೊನೆಗೆ ಬೋನು ಇಡಿ. ಪಾಷಾಣ ಮನೆಯೊಳಗೆ ಬೇಡವೇ ಬೇಡ. ದೀಪಾವಳಿಯ ಸಾರಣೆ-ಕಾರಣೆ ಮುಗಿದ ಮೇಲೆ, ಎಳ್ಳ ಅಮಾವಾಸ್ಯೆಗೆ ಮುಂಚೆ ಈ ಕೆಲಸ ಮುಗಿದಿರಲಿ.

ಹಂತ 1: ದಾರಿ ಯಾವುದು, ನೋಡಿ

ಇಲಿ ನಡುಮನೆಯಲ್ಲಿ ಅಡ್ಡಾಡುವುದಿಲ್ಲ, ಗೋಡೆಯ ಬುಡ ಹಿಡಿದೇ ಓಡುತ್ತದೆ. ದಿನಾ ಅದೇ ದಾರಿ ತುಳಿದರೆ ಅದರ ಮೈಜಿಡ್ಡು ಗೋಡೆಗೆ ತಾಗಿ ಕಪ್ಪು ಗೆರೆ ಬೀಳುತ್ತದೆ. ಹಗಲು ಬ್ಯಾಟರಿ ಹಿಡಿದು ಕಾಳಿನ ಚೀಲದ ಹಿಂದೆ, ಜಂತಿಯ ಮೇಲೆ, ಬಚ್ಚಲಿನ ಮೂಲೆಯಲ್ಲಿ ಆ ಗೆರೆ ಹುಡುಕಿ. ಅನುಮಾನವಿದ್ದ ಕಡೆ ರಾತ್ರಿ ಮಲಗುವ ಮುಂಚೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ. ಹಿಟ್ಟು ಬೇಡ, ಅದು ಇಲಿಗೇ ಊಟವಾಗುತ್ತದೆ. ಬೆಳಗ್ಗೆ ಪುಡಿಯಲ್ಲಿ ಸಣ್ಣ ಹೆಜ್ಜೆಯೂ ನಡುವೆ ಬಾಲ ಎಳೆದ ಗೀಟೂ ಕಂಡರೆ ದಾರಿ ಸಿಕ್ಕಿತು. ಬಿಲ ಬಳಕೆಯಲ್ಲಿದೆಯೋ ಇಲ್ಲವೋ ತಿಳಿಯಲು ಬಾಯಿಗೆ ಕಾಗದದ ಉಂಡೆ ತುರುಕಿ. ಮರುದಿನ ಅದು ಹೊರಗೆ ಬಿದ್ದಿದ್ದರೆ ಒಳಗೆ ಜೀವ ಇದೆ.

ಮಡಚಿಟ್ಟ ಕೌದಿಗಳನ್ನೂ ಬಿಚ್ಚಿ ಝಾಡಿಸಿ. ವರ್ಷವೆಲ್ಲ ಮೂಲೆಯಲ್ಲಿದ್ದ ಕೌದಿಯ ಮಡಿಕೆ ಇಲಿಗೆ ಬಾಣಂತಿ ಕೋಣೆ ಇದ್ದ ಹಾಗೆ. ಗರ್ಭ ನಿಂತ ಸುಮಾರು ಮೂರು ವಾರಕ್ಕೆ ಮರಿ ಹಾಕುವ ಪ್ರಾಣಿ ಅದು. ಒಂದು ಗೂಡು ತಪ್ಪಿಸಿಕೊಂಡರೂ ಸಂಕ್ರಾಂತಿಗೆ ಮನೆ ತುಂಬಾ ಮರಿ.

ಹಂತ 2: ಮುಚ್ಚಿ

ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ. ಸುಂಡಿಲಿಗೆ 6 ಮಿಲಿಮೀಟರ್ ಸಂದಿ, ಅಂದರೆ ಪೆನ್ಸಿಲ್ ತೂರುವಷ್ಟು ಜಾಗ ಸಾಕು. ದೊಡ್ಡ ಇಲಿಗೆ ಹೆಬ್ಬೆರಳು ಹೋಗುವಷ್ಟು ಬೇಕು. ಸಂಜೆ ಒಬ್ಬರು ಹೊರಗಿನಿಂದ ಬಾಗಿಲ ಸುತ್ತ ಬ್ಯಾಟರಿ ಬಿಡಲಿ, ಒಳಗೆ ಕತ್ತಲಲ್ಲಿ ನಿಂತವರಿಗೆ ಎಲ್ಲೆಲ್ಲಿ ಬೆಳಕು ತೂರುತ್ತದೆ ಎಂಬುದು ಕಾಣುತ್ತದೆ.

ಮಣ್ಣು ಮೆತ್ತಿದರೆ, ಬಟ್ಟೆ ತುರುಕಿದರೆ ಎರಡು ದಿನವೂ ತಡೆಯದು. ಇಲಿಯ ಮುಂಬಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿಯುವುದು ಅದರ ಹುಟ್ಟುಗುಣ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಲದೊಳಗೆ ಬಿಗಿಯಾಗಿ ತುಂಬಿ ಮೇಲೆ ಸಿಮೆಂಟ್ ಹಾಕಿ. ಹೆಗ್ಗಣದ ಬಿಲವಾದರೆ ಒಡೆದ ಗಾಜಿನ ಚೂರು, ಜಲ್ಲಿ ಸೇರಿಸಿ. ಬಾಗಿಲ ಕೆಳಗಿನ ಸಂದಿಗೆ ಪತ್ರಾ ಪಟ್ಟಿ ಹೊಡೆಸಿ. ಬಚ್ಚಲ ಮೋರಿಗೆ ಕಬ್ಬಿಣದ ಜಾಳಿಗೆ ಕೂರಿಸಿ.

ಹಳೆಯ ಮಾಳಿಗೆ ಮನೆಗಳಲ್ಲಿ ಜನ ಕೆಳಗೆಲ್ಲ ಮುಚ್ಚಿ ಮೇಲೆ ನೋಡುವುದನ್ನೇ ಮರೆಯುತ್ತಾರೆ. ಜಂತಿ ಗೋಡೆಗೆ ಸೇರುವ ಸಂದಿ, ಬೆಳಕಿಂಡಿ, ಇವೇ ಇಲಿಯ ರಾಜಮಾರ್ಗ. ಬೆಳಕಿಂಡಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ ಬಿಗಿಯಿರಿ. ಗಾಳಿ, ಬೆಳಕಿಗೆ ತೊಂದರೆಯಿಲ್ಲ. ಹಾಗೆಯೇ ಕಣಿಕೆ ಬಣವಿ ಗೋಡೆಗೆ ಆತುಕೊಂಡಿದ್ದರೆ ದೂರ ಸರಿಸಿ.

ಹಂತ 3: ಕಾಳು ಕಾಯಿರಿ

ತೊಗರಿಗೆ ಹುಳ ಹತ್ತುವುದು ಮನೆಯಲ್ಲಷ್ಟೇ ಅಲ್ಲ, ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಬಿದ್ದಿರುತ್ತದೆ. ಚಳಿಯಲ್ಲಿ ಹುಳ ಮಂದವಾಗಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಶಿವರಾತ್ರಿ ಕಳೆದು ಬಿಸಿಲೇರಿದಾಗ ಚೀಲದಿಂದ ಪುಡಿ ಉದುರುತ್ತದೆ. ಆದ್ದರಿಂದ ಈಗಲೇ ಚೆನ್ನಾಗಿ ಒಣಗಿಸಿ, ಹಲ್ಲಲ್ಲಿ ಕಡಿದರೆ ಕಟ್ ಎನ್ನಬೇಕು. ಮನೆ ಬಳಕೆಯ ಬೇಳೆಗೆ ಕಿಲೋಗೆ ಒಂದು ಸಣ್ಣ ಚಮಚ ಔಡಲೆಣ್ಣೆ ಸವರಿದರೆ ಮೊಟ್ಟೆ ಉಳಿಯುವುದಿಲ್ಲ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಬ್ಬ ಮನುಷ್ಯ ಹಾಯುವಷ್ಟು ಬಿಟ್ಟು ಒಟ್ಟಿ. ಪತ್ರಾ ಡ್ರಮ್ ಇದ್ದವರಿಗೆ ಅರ್ಧ ಚಿಂತೆ ಇಲ್ಲ. ರಾತ್ರಿ ರೊಟ್ಟಿ ಬುಟ್ಟಿ ಮುಚ್ಚಿಡಿ, ಮುಸುರೆ ಪಾತ್ರೆ ಬೆಳಗಿನವರೆಗೆ ಬಿಡಬೇಡಿ. ಜಿರಳೆಗೂ ಇದೇ ಮದ್ದು.

ಹಂತ 4: ಬೋನು

ದಾರಿ ಮುಚ್ಚಿದ ರಾತ್ರಿಯೇ ಬೋನು ಇಡಬೇಕು, ಒಳಗೆ ಸಿಕ್ಕಿಬಿದ್ದ ಇಲಿಗೆ ಬೇರೆ ಕೂಳಿಲ್ಲದಾಗ. ಆದರೆ ಹೊಸ ವಸ್ತು ಕಂಡರೆ ಇಲಿ ಅಂಜುತ್ತದೆ. ಮೊದಲ ಎರಡು-ಮೂರು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ತಿನಿಸು ಮಾತ್ರ ಇಡಿ. ಸುಟ್ಟ ಒಣಕೊಬ್ಬರಿ, ಶೇಂಗಾ ಹಿಂಡಿ ಸವರಿದ ರೊಟ್ಟಿ ಚೂರು, ನಿನ್ನೆಯ ಭಜಿ, ಯಾವುದಾದರೂ ಆದೀತು. ತಿಂದು ರೂಢಿಯಾದ ಮೇಲೆ ಬೋನು ಹೂಡಿ. ನಟ್ಟನಡುವೆ ಬೇಡ, ಕಪ್ಪು ಗೆರೆಯಿದ್ದ ಗೋಡೆಗೆ ಒತ್ತಿ ಇಡಿ.

ಹಿಕ್ಕೆಯನ್ನು ಒಣಗಿದ್ದಾಗ ಕಸಬರಿಗೆಯಿಂದ ಗುಡಿಸಬೇಡಿ, ಧೂಳು ಮೂಗಿಗೇರುತ್ತದೆ. ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಒರೆಸಿ. ಇಲಿಜ್ವರ ಬರುವುದು ಅದರ ಉಚ್ಚೆಯಿಂದ. ನಮ್ಮ ಅಜ್ಜ-ಮುತ್ತಜ್ಜರಿಗೆ ಇಲಿಯ ಭಯ ಇನ್ನೂ ದೊಡ್ಡದಿತ್ತು: 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು 1898ಕ್ಕೆ ಹುಬ್ಬಳ್ಳಿಯನ್ನು ನಡುಗಿಸಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲ ಅದು.

ಇದನ್ನು ಮಾತ್ರ ಮಾಡಬೇಡಿ

ಕಾಳಿನ ಚೀಲಕ್ಕೆ ಇಡುವ ಗುಳಿಗೆ, ಅಲ್ಯೂಮಿನಿಯಂ ಫಾಸ್ಫೈಡ್, ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಚಳಿಗಾಲದಲ್ಲಿ ನಾವು ಕಿಟಕಿ-ಬಾಗಿಲು ಬಿಗಿದು, ಅದೇ ಕಾಳಿನ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುತ್ತೇವೆ. ಒಂದು ರಾತ್ರಿಯಲ್ಲಿ ಮನೆಮಂದಿಯ ಜೀವ ಹೋಗಬಹುದು. ತರಬೇತಿ ಇಲ್ಲದವರು ಅದನ್ನು ಬಳಸಲು ಕಾನೂನೂ ಒಪ್ಪುವುದಿಲ್ಲ. ಯಾರೇ ಪುಕ್ಕಟೆ ಕೊಟ್ಟರೂ ಬೇಡವೆನ್ನಿ. ರೊಟ್ಟಿಗೆ ಸವರುವ ಇಲಿ ಪೇಸ್ಟೂ ಅಷ್ಟೇ. ಅದರಲ್ಲಿ ಹಳದಿ ರಂಜಕವಿದ್ದರೆ ಮಗುವಿನ ಯಕೃತ್ತು ಸುಟ್ಟುಹೋಗುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ. ಬಾಯಿಗೆ ಹೋಯಿತೆಂಬ ಅನುಮಾನ ಬಂದ ಕೂಡಲೇ 108ಕ್ಕೆ ಫೋನ್ ಮಾಡಿ, ಪೊಟ್ಟಣವನ್ನೂ ಆಸ್ಪತ್ರೆಗೆ ಒಯ್ಯಿರಿ.

ಹಂತ 5: ಚೇಳು

ಇಲಿಯ ಕೆಲಸ ಮುಗಿದ ಮೇಲೆ ಚೇಳಿನ ಕಡೆಗೂ ನೋಡಿ. ಒಲೆಗೆ ಒಟ್ಟಿದ ಕಟ್ಟಿಗೆ, ಕುಳ್ಳು, ಕಲ್ಲಿನ ಗುಡ್ಡೆ ಚೇಳಿನ ಮನೆ. ಅವು ಗೋಡೆಗೆ ತಾಗದಿರಲಿ, ಕುಳ್ಳನ್ನು ಬರಿಗೈಯಲ್ಲಿ ಎತ್ತಬೇಡಿ, ಬೆಳಗ್ಗೆ ಚಪ್ಪಲಿ ಕೊಡವಿ ಹಾಕಿಕೊಳ್ಳಿ. ನೇರಳಾತೀತ ಬ್ಯಾಟರಿ ಬಿಟ್ಟರೆ ಕತ್ತಲಲ್ಲಿ ಚೇಳು ಹಸಿರಾಗಿ ಹೊಳೆಯುತ್ತದೆ. ಕೆಂಪು ಚೇಳು ಕಡಿದರೆ, ಅದರಲ್ಲೂ ಮಕ್ಕಳಿಗೆ, ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ. ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ತೋರಿಸಿಕೊಟ್ಟ ಪ್ರಾಜೋಸಿನ್ ಎಂಬ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಕ್ಕರೆ ಜೀವ ಉಳಿಯುತ್ತದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮುಂದೆ ಫೆಬ್ರುವರಿ-ಮಾರ್ಚಿನಲ್ಲಿ ಬಿಳಿಜೋಳದ ರಾಶಿ ಆಗುತ್ತದೆ. ಹೊಲದಲ್ಲಿ ಉಳಿದಿದ್ದ ಇಲಿಗಳೂ ಆಗ ಹೊರಡುತ್ತವೆ. ಜೋಳದ ಚೀಲ ಮನೆಗೆ ಬರುವ ವಾರದ ಮುಂಚೆ ಜಂತಿಯ ಸಂದಿ, ಮೋರಿಯ ಜಾಳಿಗೆ ಮತ್ತೊಮ್ಮೆ ನೋಡಿ, ಕಿತ್ತ ಕಡೆ ಸಿಮೆಂಟ್ ಹಾಕಿ.