ರೇಡಿಯಂ ಸೂಜಿಯಿಂದ ರುಥೇನಿಯಂ ತಗಡಿನವರೆಗೆ

ನಾರಾಯಣಗೂಡದಿಂದ ಕೆಲವೇ ಮೈಲಿ ದೂರದ ರೆಡ್ ಹಿಲ್ಸ್‌ನಲ್ಲಿರುವ ಮೆಹದಿ ನವಾಜ್ ಜಂಗ್ ಕ್ಯಾನ್ಸರ್ ಸಂಸ್ಥೆಯು 1955ರಲ್ಲಿ ಸ್ಥಾಪಿತವಾಯಿತು. ಅದರ ಹಳೆಯ ಹೆಸರಿನಲ್ಲಿ ‘ರೇಡಿಯಂ’ ಎಂಬ ಶಬ್ದವೂ ಸೇರಿತ್ತು. 1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ಈ ಧಾತುವಿನ ಸೂಜಿಗಳನ್ನೂ ನಳಿಕೆಗಳನ್ನೂ ಗೆಡ್ಡೆಯೊಳಗೇ ಇರಿಸಿ ಚಿಕಿತ್ಸೆ ಮಾಡುವ ಪದ್ಧತಿ ಅಂದು ಲೋಕರೂಢಿಯಾಗಿತ್ತು. ಇಂದು ಆಸ್ಪತ್ರೆಗಳಿಂದ ರೇಡಿಯಂ ನಿರ್ಗಮಿಸಿದೆ. ಪದ್ಧತಿಯು ಮಾತ್ರ ಬ್ರಾಕಿಥೆರಪಿ ಎಂಬ ಹೆಸರಿನಲ್ಲಿ ಉಳಿದು ಬೆಳೆದಿದೆ.

ಇದರ ತತ್ತ್ವ ಸರಳವಾದುದು. ವಿಕಿರಣದ ಆಕರದಿಂದ ದೂರ ಇಮ್ಮಡಿಯಾದರೆ ತೀವ್ರತೆಯು ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಆಕರವನ್ನು ಗೆಡ್ಡೆಯ ಬಳಿಯೇ ಇಟ್ಟರೆ ಪಕ್ಕದ ಮೂತ್ರಕೋಶ, ಗುದನಾಳಗಳಿಗೆ ತಗಲುವ ಪೆಟ್ಟು ಕಡಿಮೆ. ಹೊರಗಿನಿಂದ ವಿಕಿರಣ ಪಡೆದ ರೋಗಿಯು ಈ ಒಳಚಿಕಿತ್ಸೆಯನ್ನು ಅಂಜಿಕೆಯಿಂದ ಬಿಟ್ಟುಬಿಟ್ಟರೆ, ಚಿಕಿತ್ಸೆಯ ಮುಖ್ಯ ಭಾಗವನ್ನೇ ಬಿಟ್ಟಂತೆ.

ರೇಡಿಯಂ ತೊಲಗಿದ್ದೇಕೆ? ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಸೂಜಿ ಸೀಳಿದರೆ ರೇಡಾನ್ ಎಂಬ ಅನಿಲ ಸೋರುತ್ತದೆ. ಕಳೆದುಹೋದರೆ ಅಪಾಯವು ತಲೆಮಾರುಗಳಿಗೆ ಉಳಿಯುತ್ತದೆ. ಅದನ್ನು ಕೈಯಾರೆ ಇರಿಸುತ್ತಿದ್ದ ವೈದ್ಯರೂ ದಾದಿಯರೂ ನಿತ್ಯ ವಿಕಿರಣಕ್ಕೆ ಗುರಿಯಾಗುತ್ತಿದ್ದರು. ಅದರ ಸ್ಥಾನಕ್ಕೆ ಸುಮಾರು 30 ವರ್ಷ ಅರ್ಧಾಯುಷ್ಯದ ಸೀಸಿಯಂ-137, ಅನಂತರ ಇರಿಡಿಯಂ-192 ಬಂದವು. ಇರಿಡಿಯಂನ ಅರ್ಧಾಯುಷ್ಯ ಕೇವಲ 74 ದಿನ. ಲೆಕ್ಕಪತ್ರ ಬಲ್ಲವರು ಇದನ್ನು ಸವಕಳಿಯೆಂದೇ ತಿಳಿಯಬಹುದು: ಇಂದು ಹತ್ತು ನಿಮಿಷದಲ್ಲಿ ಮುಗಿಯುವ ಚಿಕಿತ್ಸೆಗೆ 74 ದಿನಗಳ ತರುವಾಯ ಇಪ್ಪತ್ತು ನಿಮಿಷ ಬೇಕು. ಹೀಗಾಗಿ ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಆಕರ ತರಿಸಬೇಕು; ಬಡ ಆಸ್ಪತ್ರೆಗೆ ಇದು ಸಣ್ಣ ಖರ್ಚಲ್ಲ. 5.27 ವರ್ಷ ಅರ್ಧಾಯುಷ್ಯದ ಕೋಬಾಲ್ಟ್-60ನ್ನೂ ಅಷ್ಟೇ ಚಿಕ್ಕ ಗಾತ್ರದಲ್ಲಿ ತಯಾರಿಸಲು ಸಾಧ್ಯವಾದ ಮೇಲೆ ಈ ಹೊರೆ ಎಷ್ಟೋ ಹಗುರವಾಗಿದೆ.

ಕಣ್ಣಿನ ಕ್ಯಾನ್ಸರಿಗೆ ಬೇರೆಯೇ ಆಕರ ಬೇಕು. ತಿಪಟೂರಿನಲ್ಲಿ ಜನಿಸಿದ ಡಾ. ರಾಜಾ ರಾಮಣ್ಣನವರು ಒಮ್ಮೆ ನಿರ್ದೇಶಕರಾಗಿದ್ದ ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರವು, ಅಣುಇಂಧನದ ತ್ಯಾಜ್ಯದಿಂದಲೇ ರುಥೇನಿಯಂ-106ನ್ನು ಬೇರ್ಪಡಿಸಿ ಬಟ್ಟಲಿನಾಕಾರದ ಪುಟ್ಟ ತಗಡನ್ನು ನಿರ್ಮಿಸಿದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನೇತ್ರಕೇಂದ್ರದಲ್ಲಿ ಅದರ ಬಳಕೆ 2020ರಲ್ಲಿ ಪ್ರಕಟವಾಯಿತು. ಎಸೆಯಲೂ ಅಂಜಬೇಕಾದ ಕಸದಿಂದ ಕಣ್ಣುಳಿಸುವ ಔಷಧ! ಇದರ ಬೀಟಾ ಕಿರಣಗಳು ಕೆಲವೇ ಮಿಲಿಮೀಟರು ಒಳಹೊಗುವುದರಿಂದ ತೆಳುವಾದ ಗೆಡ್ಡೆಗಳಿಗೆ ಮಾತ್ರ ಇದು ಯೋಗ್ಯ. ತಗಡನ್ನು ಕಣ್ಣುಗುಡ್ಡೆಯ ಹೊರಮೈಗೆ ಹೊಲಿದು, ಲೆಕ್ಕ ಹಾಕಿದ ಅವಧಿ ಮುಗಿದೊಡನೆ ತೆಗೆಯುತ್ತಾರೆ. ಹಲವರ ಪಾಲಿಗೆ ಕಣ್ಣನ್ನೇ ಕೀಳಬೇಕಾದ ಪ್ರಮೇಯ ಹೀಗೆ ತಪ್ಪುತ್ತದೆ.

ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: ‘ರೋಗಿಯನ್ನು ಮುಟ್ಟಬಹುದೇ?’ ಇರಿಡಿಯಂ, ಕೋಬಾಲ್ಟ್ ಯಂತ್ರಗಳಲ್ಲಿ ತಂತಿಯ ತುದಿಯ ಆಕರವು ಟೊಳ್ಳು ನಳಿಕೆಯೊಳಗೆ ಹೋಗಿ, ಕೆಲಸ ಮುಗಿದೊಡನೆ ತನ್ನ ಭದ್ರಪೆಟ್ಟಿಗೆಗೆ ಹಿಂದಿರುಗುತ್ತದೆ. ರೋಗಿಯ ದೇಹದಲ್ಲಿ ವಿಕಿರಣ ಉಳಿಯದು. ಅಂದು ಸಂಜೆಯೇ ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರೂ ಮಗುವಿಗೆ ಬಾಧೆಯಿಲ್ಲ.