ಕ್ಯಾನ್ಸರಿನ ಹೊಸ ಮದ್ದು ಮತ್ತು ಮೂತ್ರಪಿಂಡ

ಕ್ಯಾನ್ಸರಿಗೆ ಮದ್ದು ಎಂದ ಕೂಡಲೇ ಕೂದಲು ಉದುರುವುದು, ವಾಂತಿಯಾಗುವುದು ನಮ್ಮ ನೆನಪಿಗೆ ಬರುತ್ತದೆ. ಈಗ 'ಗುರಿ ಚಿಕಿತ್ಸೆ' ಎಂಬ ಬೇರೊಂದು ಬಗೆಯೂ ಇದೆ. ರಕ್ತದ ಒಂದು ಬಗೆಯ ಕ್ಯಾನ್ಸರಿಗೆ ಇಮಾಟಿನಿಬ್ ಮಾತ್ರೆ 2001ರಲ್ಲಿ ಬಂದ ಮೇಲೆ ಇಂಥ ಮದ್ದುಗಳು ಒಂದರ ಹಿಂದೆ ಒಂದು ಬಂದಿವೆ. ಕ್ಯಾನ್ಸರ್ ಬೆಳೆಯಲು ಬೇಕಾದ ಒಂದು ನಿರ್ದಿಷ್ಟ ಸಂಕೇತವನ್ನು ಇವು ತಡೆಯುತ್ತವೆ. ಮನೆಯಲ್ಲೇ ನುಂಗುವ ಮಾತ್ರೆಯಾದರೆ 'ಇದು ಸೌಮ್ಯ ಮದ್ದು' ಎಂದು ತಿಳಿಯುವವರಿದ್ದಾರೆ. ಅದು ಪೂರ್ತಿ ನಿಜವಲ್ಲ.

ತೋಟದ ಮಾತಿನಲ್ಲೇ ಹೇಳೋಣ. ಕಳೆಗೆ ನೀರು ಹೋಗಬಾರದೆಂದು ಕಣಿ ಕಟ್ಟಿದರೆ ಅದೇ ಕಣಿಯ ನೀರು ಕುಡಿಯುವ ಅಡಿಕೆ ಮರವೂ ಬಾಡುತ್ತದೆ. ಬೆವಾಸಿಝುಮಾಬ್ ಇಂಜೆಕ್ಷನ್, ಸುನಿಟಿನಿಬ್ ಮಾತ್ರೆ ಇವುಗಳ ಕೆಲಸ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವುದು. ಆದರೆ ಅದೇ ಸಂಕೇತ ಮೂತ್ರಪಿಂಡಕ್ಕೂ ಬೇಕು. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಪುಟ್ಟ ಜರಡಿಗಳಿವೆ. ಅವುಗಳ ಕಣ್ಣು ಕೆಟ್ಟರೆ ರಕ್ತದ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಬಿ.ಪಿ.ಯೂ ಏರಬಹುದು. ಮೂತ್ರದಲ್ಲಿ ನೊರೆ ನಿಲ್ಲುವುದು, ಪಾದ ಊದುವುದು ಇದರ ಗುರುತು. ಎಷ್ಟೋ ಸಲ ಯಾವ ಗುರುತೂ ಕಾಣುವುದಿಲ್ಲ; ಪರೀಕ್ಷೆಯಲ್ಲಷ್ಟೇ ತಿಳಿಯುತ್ತದೆ.

ಎಲೆಯಡಿಕೆ, ಹೊಗೆಸೊಪ್ಪು ಜಗಿಯುವ ನಮ್ಮ ಕಡೆ ಬಾಯಿಯ ಕ್ಯಾನ್ಸರ್ ಹೊಸ ಮಾತಲ್ಲ. ಅದಕ್ಕೆ ಕೆಲವರಿಗೆ ಕೊಡುವ ಸೆಟುಕ್ಸಿಮಾಬ್ ಮದ್ದು ಮೆಗ್ನೀಸಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸಿಬಿಡುತ್ತದೆ. ಮೆಗ್ನೀಸಿಯಂ ಕಡಿಮೆಯಾದರೆ ಅಡಿಕೆ ಸೋಗೆ ಹಳದಿಯಾಗುವುದನ್ನು ಕಂಡಿದ್ದೇವೆ. ಮನುಷ್ಯನಿಗೆ ಸುಸ್ತು, ಸ್ನಾಯು ಸೆಳೆತ, ಹೃದಯದ ಬಡಿತದಲ್ಲಿ ಏರುಪೇರು.

ಇಮಾಟಿನಿಬ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರ ಮೂತ್ರಪಿಂಡದ ಶಕ್ತಿ ನಿಧಾನವಾಗಿ ಕುಗ್ಗುತ್ತದೆ. ಇನ್ನು ಕೆಲವು ಮಾತ್ರೆಗಳಿಂದ ರಕ್ತದ ಕ್ರಿಯಾಟಿನಿನ್ ಅಂಕಿ ಮಾತ್ರ ಏರುತ್ತದೆ, ಮೂತ್ರಪಿಂಡ ಕೆಟ್ಟಿರುವುದಿಲ್ಲ. ಯಾವುದು ಯಾವುದೆಂದು ವೈದ್ಯರೇ ಹೇಳಬೇಕು.

ನನಗೆ ಹೆಚ್ಚು ಹೆದರಿಕೆಯಾಗುವುದು ನಮ್ಮದೇ ಒಂದು ಅಭ್ಯಾಸದಿಂದ. ಮರ ಹತ್ತಿ ಇಳಿದ ಸಂಜೆ ಸೊಂಟನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತೇವೆ. ಮೊದಲೇ ಸೋತ ಮೂತ್ರಪಿಂಡಕ್ಕೆ ಇದು ಎರಡನೇ ಪೆಟ್ಟು. ಬಿಸಿಲಲ್ಲಿ ದುಡಿದು ನೀರು ಕುಡಿಯದಿದ್ದರೆ, ವಾಂತಿಭೇದಿಯಾದರೆ ಮೂರನೆಯದು. ನಾಟಿ ಮದ್ದು ಸೇವಿಸುತ್ತಿದ್ದರೆ ಅದನ್ನೂ ಡಾಕ್ಟರರಿಂದ ಮುಚ್ಚಿಡಬೇಡಿ.

ಇದನ್ನು ಓದಿ ಯಾರೂ ತಾವಾಗಿ ಕ್ಯಾನ್ಸರ್ ಮದ್ದು ನಿಲ್ಲಿಸಬಾರದು. ಬೇಗ ಗೊತ್ತಾದರೆ ಪ್ರಮಾಣ ಇಳಿಸಿ, ಕೆಲವು ದಿನ ತಡೆದು ಅಥವಾ ಬಿ.ಪಿ. ಮಾತ್ರೆ ಸೇರಿಸಿ ಚಿಕಿತ್ಸೆ ಮುಂದುವರಿಸುವುದು ಅನೇಕ ಸಲ ಸಾಧ್ಯ. ಮನೆಯಲ್ಲಿ ಇಂಥ ರೋಗಿ ಇದ್ದರೆ ಹಾಲಿನ ಲೆಕ್ಕ ಬರೆಯುವಂತೆ ಒಂದು ಪುಸ್ತಕದಲ್ಲಿ ದಿನಾಂಕ, ಬಿ.ಪಿ., ತೂಕ ಬರೆದಿಡಿ. ಪ್ರತಿ ಭೇಟಿಯಲ್ಲೂ ಅದನ್ನು ತೋರಿಸಿ, ಮೂತ್ರದ ಪ್ರೋಟೀನು ಮತ್ತು ಕ್ರಿಯಾಟಿನಿನ್ ಪರೀಕ್ಷೆ ಆಯಿತೇ ಎಂದು ಸಂಕೋಚವಿಲ್ಲದೆ ಕೇಳಿ.